ಮಾತ್ರೆಗಳ ಚೀಲದಿಂದ ಆರಂಭಿಸಿ: ಅಮೆರಿಕದಲ್ಲಿರುವ ಹಿರಿಯರಿಗೆ ಮೆಡಿಕೇರ್ ಮತ್ತು ಔಷಧ ಯೋಜನೆ ಆರಿಸಲು ನೆರವಾಗುವ ಬಗೆ

ಅಮೆರಿಕದಲ್ಲಿ ಅರವತ್ತೈದು ದಾಟಿದವರ ಅಂಚೆಪೆಟ್ಟಿಗೆ ಪ್ರತಿವರ್ಷ ಅಕ್ಟೋಬರ್ ಬಂತೆಂದರೆ ವಿಮಾ ಕಂಪನಿಗಳ ಬಣ್ಣದ ಕರಪತ್ರಗಳಿಂದ ತುಂಬಿಹೋಗುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎಂಜಿನಿಯರುಗಳಾಗಿ ವಲಸೆ ಬಂದ ಕನ್ನಡಿಗರಲ್ಲಿ ಅನೇಕರು ಈಗ ಈ ವಯಸ್ಸಿಗೆ ಬಂದಿದ್ದಾರೆ. ಅವರು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ತಂದೆತಾಯಿಗಳು ಎಂಬತ್ತು ದಾಟಿದ್ದಾರೆ. ನಾನು ಕೆಲವು ವರ್ಷಗಳಿಂದ ಇಂಥ ಹಿರಿಯರ ಜೊತೆ ಕುಳಿತು, ಅರವತ್ತೈದು ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ಎಂಬ ಆರೋಗ್ಯ ವಿಮೆಯ ಕಾಗದಪತ್ರಗಳನ್ನು ಬಿಡಿಸಿ ಹೇಳುವ ಸ್ವಯಂಸೇವೆ ಮಾಡುತ್ತಿದ್ದೇನೆ. ಬಂದವರೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ಕಂಪನಿಯ ಪ್ಲಾನ್ ಒಳ್ಳೆಯದು?’ ಈ ಪ್ರಶ್ನೆಗೆ ಉತ್ತರವಿಲ್ಲ. ನಿಮ್ಮ ಮಾತ್ರೆಗಳಿಗೆ, ನಿಮ್ಮ ವೈದ್ಯರಿಗೆ, ನಿಮ್ಮ ಓಡಾಟಕ್ಕೆ ಯಾವುದು ಹೊಂದುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿದೆ. ಹಿರಿಯರಿಗೆ ಸಲಹೆ ನೀಡಲು ಹೊರಟ ಮಕ್ಕಳಿಗೆ, ಸೊಸೆ ಅಳಿಯಂದಿರಿಗೆ ಹಾಗೂ ಕನ್ನಡ ಕೂಟಗಳ ಕಾರ್ಯಕರ್ತರಿಗೆ ಆ ಉತ್ತರವನ್ನು ಹುಡುಕುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಡಾಲರ್ ಲೆಕ್ಕಗಳು 2026ನೆಯ ವರ್ಷಕ್ಕೆ ಸಂಬಂಧಿಸಿದವು. ಅವು ಪ್ರತಿವರ್ಷ ಬದಲಾಗುತ್ತವೆ.

ಮೊದಲ ಹೆಜ್ಜೆ: ಹಿರಿಯರನ್ನೇ ಮಾತನಾಡಿಸಿ

ಮಗ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತು, ಅಪ್ಪನ ಪರವಾಗಿ ತಾನೇ ಎಲ್ಲವನ್ನೂ ಉತ್ತರಿಸುವುದು ಸಾಮಾನ್ಯ ದೃಶ್ಯ. ಆದರೆ ಮೊಣಕಾಲು ನೋವಿಗೆ ಯಾವ ವೈದ್ಯರ ಬಳಿ ಹೋಗಲು ಇಷ್ಟ, ರಾತ್ರಿಯ ಮಾತ್ರೆಯನ್ನು ನಿಜಕ್ಕೂ ನುಂಗುತ್ತಾರೆಯೇ, ವರ್ಷದಲ್ಲಿ ಎಷ್ಟು ತಿಂಗಳು ಊರಿಗೆ ಹೋಗುತ್ತಾರೆ ಎಂಬುದು ಅಪ್ಪನಿಗೆ ಗೊತ್ತೇ ಹೊರತು ಮಗನಿಗಲ್ಲ. ಮೊದಲ ಭೇಟಿಗೆ ಬರುವಾಗ ಮೂರು ವಸ್ತುಗಳನ್ನು ತರಲು ಹೇಳಿ: ಕೆಂಪು, ಬಿಳಿ, ನೀಲಿ ಬಣ್ಣದ ಮೆಡಿಕೇರ್ ಕಾರ್ಡ್ ಇದ್ದರೆ ಅದು, ಈಗಿರುವ ಬೇರೆ ವಿಮೆಗಳ ಕಾರ್ಡುಗಳು, ಮತ್ತು ಮನೆಯಲ್ಲಿರುವ ಎಲ್ಲ ಮಾತ್ರೆ ಡಬ್ಬಿಗಳು, ಶೀಟುಗಳು. ಮಕ್ಕಳು ಮುಂದೆ ಮೆಡಿಕೇರ್‌ಗೆ ಫೋನ್ ಮಾಡಿ ಮಾತನಾಡಬೇಕಾದರೆ ಹಿರಿಯರ ಲಿಖಿತ ಒಪ್ಪಿಗೆ ಅಗತ್ಯ. ಆ ನಮೂನೆಯನ್ನು ಅಂದೇ ತುಂಬಿಸಿಬಿಡುವುದು ಲೇಸು.

ಎರಡನೆಯ ಹೆಜ್ಜೆ: ಅರ್ಹತೆ ಎಲ್ಲಿಂದ ಬಂದಿದೆ ಎಂದು ಗುರುತಿಸಿ

ಮೆಡಿಕೇರ್ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಜುಲೈ 30ರಂದು. ಆಸ್ಪತ್ರೆಯ ಒಳರೋಗಿ ವೆಚ್ಚಕ್ಕೆ ಪಾರ್ಟ್ ಎ, ವೈದ್ಯರು ಮತ್ತು ಹೊರರೋಗಿ ವೆಚ್ಚಕ್ಕೆ ಪಾರ್ಟ್ ಬಿ ಎಂಬ ಎರಡು ಭಾಗಗಳು ಆಗಿನಿಂದಲೂ ಇವೆ. ಅಂಗಡಿಯಲ್ಲಿ ಕೊಳ್ಳುವ ಔಷಧಗಳಿಗೆ ವಿಮೆ ಒದಗಿಸುವ ಪಾರ್ಟ್ ಡಿ ಜಾರಿಗೆ ಬಂದದ್ದು ನಲವತ್ತು ವರ್ಷ ತಡವಾಗಿ, 2006ರ ಜನವರಿಯಲ್ಲಿ. ಅದನ್ನು ಸರ್ಕಾರದ ನಿಯಮಗಳಡಿ ಖಾಸಗಿ ಕಂಪನಿಗಳು ನಡೆಸುತ್ತವೆ.

ಅಮೆರಿಕದಲ್ಲಿ ತೆರಿಗೆ ಕಟ್ಟಿ ಒಟ್ಟು ಹತ್ತು ವರ್ಷ, ಅಂದರೆ 40 ಕ್ವಾರ್ಟರ್, ದುಡಿದವರಿಗೆ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ದೊರೆಯುತ್ತದೆ. ಭಾರತದಲ್ಲಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆ ಇದನ್ನು ಹೇಳುವಾಗ ಸ್ವಲ್ಪ ಮೃದುವಾಗಿ ಹೇಳಬೇಕಾಗುತ್ತದೆ. ಸ್ವತಃ ದುಡಿಯದೆ ಮನೆ ನೋಡಿಕೊಂಡ ಪತ್ನಿಗೆ ಪತಿಯ ದುಡಿಮೆಯ ದಾಖಲೆಯ ಮೇಲೆಯೇ ಪಾರ್ಟ್ ಎ ಸಿಗುತ್ತದೆ, ಆದರೆ ಪತಿಗೆ ಕನಿಷ್ಠ 62 ವರ್ಷ ತುಂಬಿರಬೇಕು. ಆಕೆಯೇ ವಯಸ್ಸಿನಲ್ಲಿ ಹಿರಿಯಳಾಗಿರುವ ದಂಪತಿಗಳಲ್ಲಿ ಈ ಅಂಶ ಎಷ್ಟೋ ಸಲ ಕಣ್ತಪ್ಪಿಹೋಗುತ್ತದೆ.

ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದ, ಇಲ್ಲಿ ದುಡಿಯದ ತಂದೆತಾಯಿಗಳ ವಿಷಯ ಬೇರೆ. ಅವರು ಅರ್ಜಿ ಹಾಕುವುದಕ್ಕೆ ಮುಂಚಿನ ಐದು ವರ್ಷ ನಿರಂತರವಾಗಿ ಅಮೆರಿಕದಲ್ಲಿ ವಾಸವಾಗಿರಬೇಕು. ನಡುವೆ ದೀರ್ಘಕಾಲ ಭಾರತದಲ್ಲೇ ಉಳಿದಿದ್ದರೆ ಆ ನಿರಂತರತೆಯ ಬಗ್ಗೆ ಪ್ರಶ್ನೆ ಏಳಬಹುದು. ಐದು ವರ್ಷ ತುಂಬಿದ ಮೇಲೆ ಪಾರ್ಟ್ ಎ ಅನ್ನು ತಿಂಗಳಿಗೆ 565 ಡಾಲರ್ ಕೊಟ್ಟು ಕೊಳ್ಳಬಹುದು. ಅಷ್ಟು ಹಣ ಭಾರವೆನಿಸುವವರು ತಿಂಗಳಿಗೆ 202.90 ಡಾಲರ್‌ನ ಪಾರ್ಟ್ ಬಿ ಮಾತ್ರ ಪಡೆದು, ಅದರ ಆಧಾರದ ಮೇಲೆ ಪಾರ್ಟ್ ಡಿ ಸೇರಬಹುದು. ಹಾಗೆ ಮಾಡಿದರೆ ಆಸ್ಪತ್ರೆ ವೆಚ್ಚಕ್ಕೆ ರಕ್ಷಣೆ ಇರುವುದಿಲ್ಲ ಎಂಬುದನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ಐದು ವರ್ಷ ತುಂಬುವ ತನಕ ಅವರಿಗೆ, ಸರ್ಕಾರಿ ತಾಣದ ಮೂಲಕ ಖಾಸಗಿ ವಿಮೆ ಕೊಳ್ಳುವ ಮಾರ್ಕೆಟ್‌ಪ್ಲೇಸ್ ವಿಮೆಯ ದಾರಿ ಇದೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲವೇ ಇಲ್ಲ.

ಮೂರನೆಯ ಹೆಜ್ಜೆ: ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಮೆಡಿಕೇರ್ ವಿಷಯದಲ್ಲಿ ತಪ್ಪು ಔಷಧ ಪ್ಲಾನ್ ಆರಿಸಿದರೆ ಮುಂದಿನ ವರ್ಷ ಬದಲಿಸಬಹುದು. ತಡಮಾಡಿದರೆ ಬೀಳುವ ದಂಡ ಬಹುಪಾಲು ಜೀವನಪರ್ಯಂತ ಉಳಿಯುತ್ತದೆ. ಆದ್ದರಿಂದ ಪ್ಲಾನ್‌ಗಿಂತ ಮೊದಲು ದಿನಾಂಕ.

65 ತುಂಬುವ ತಿಂಗಳು, ಅದಕ್ಕೆ ಮುಂಚಿನ ಮೂರು, ನಂತರದ ಮೂರು, ಒಟ್ಟು ಏಳು ತಿಂಗಳು ಮೊದಲ ನೋಂದಣಿಯ ಅವಧಿ. ಇಲ್ಲಿ ನಮ್ಮವರಿಗೇ ವಿಶೇಷವಾದ ಒಂದು ತೊಡಕಿದೆ. ಹಿಂದಿನ ತಲೆಮಾರಿನ ಅನೇಕರ ಜನ್ಮದಿನಾಂಕವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರೇ ಅಂದಾಜಿನಲ್ಲಿ ಬರೆದುಕೊಂಡಿದ್ದರು. ಜಾತಕದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಮೆಡಿಕೇರ್ ನೋಂದಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ದಾಖಲೆಯಲ್ಲಿರುವ ದಿನಾಂಕವೇ ಪ್ರಮಾಣ. ಹಾಗೆ ಬರೆಸಿದ ದಿನಾಂಕ ಜೂನ್ 1 ಎಂಬಂತೆ ತಿಂಗಳ ಮೊದಲ ದಿನವಾಗಿದ್ದರೆ, ಮೆಡಿಕೇರ್ ಒಂದು ತಿಂಗಳು ಮುಂಚೆ, ಅಂದರೆ ಮೇ 1ಕ್ಕೇ ಆರಂಭವಾಗುತ್ತದೆ, ಏಳು ತಿಂಗಳ ಲೆಕ್ಕವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ.

ಇನ್ನೂ ಕೆಲಸದಲ್ಲಿರುವವರು, 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ವಿಮೆ ತಮಗೋ ಸಂಗಾತಿಗೋ ಇದ್ದರೆ, ಪಾರ್ಟ್ ಬಿ ಅನ್ನು ದಂಡವಿಲ್ಲದೆ ಮುಂದೂಡಬಹುದು. ಕೆಲಸ ಬಿಟ್ಟ ಮೇಲೆ ನೋಂದಣಿಗೆ ಎಂಟು ತಿಂಗಳ ಕಾಲಾವಕಾಶವಿದೆ. ನಾನು ಕಂಡ ಅತಿ ದುಬಾರಿ ತಪ್ಪು ನಡೆಯುವುದು ಇಲ್ಲಿಯೇ: ನಿವೃತ್ತಿಯಾದವರು, ಹಳೆಯ ಕಂಪನಿಯ ವಿಮೆಯನ್ನೇ ಸ್ವಂತ ಹಣ ಕಟ್ಟಿ ಉಳಿಸಿಕೊಳ್ಳುವ ಕೋಬ್ರಾ ವಿಮೆಯನ್ನು ಹದಿನೆಂಟು ತಿಂಗಳು ಮುಂದುವರಿಸಿ, ಅದು ಮುಗಿದ ಮೇಲೆ ಮೆಡಿಕೇರ್‌ಗೆ ಹೋದರಾಯಿತು ಎಂದುಕೊಳ್ಳುತ್ತಾರೆ. ಕೋಬ್ರಾ ವಿಮೆಯನ್ನು ಉದ್ಯೋಗದಲ್ಲಿರುವಾಗಿನ ವಿಮೆ ಎಂದು ಪರಿಗಣಿಸುವುದಿಲ್ಲ. ಎಂಟು ತಿಂಗಳು ಕೆಲಸ ಬಿಟ್ಟ ದಿನದಿಂದಲೇ ಓಡತೊಡಗಿರುತ್ತದೆ. ಅದು ಮೀರಿದರೆ ಜನವರಿಯಿಂದ ಮಾರ್ಚ್‌ವರೆಗಿನ ಸಾಮಾನ್ಯ ನೋಂದಣಿ ಅವಧಿಗೆ ಕಾಯಬೇಕು, ಮೇಲಾಗಿ ತಡವಾದ ಪ್ರತಿ ಪೂರ್ಣ ಹನ್ನೆರಡು ತಿಂಗಳಿಗೆ ಪಾರ್ಟ್ ಬಿ ಪ್ರೀಮಿಯಂ ಮೇಲೆ ಶೇಕಡಾ 10ರಷ್ಟು ದಂಡ ಸೇರುತ್ತದೆ. ಆರೋಗ್ಯ ಉಳಿತಾಯ ಖಾತೆಗೆ, ಅಂದರೆ ಎಚ್‌ಎಸ್‌ಎಗೆ, ಹಣ ಹಾಕುತ್ತಿರುವವರು ಮೆಡಿಕೇರ್‌ಗೆ ಅರ್ಜಿ ಹಾಕುವ ಆರು ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕು. 65 ದಾಟಿದ ಮೇಲೆ ಅರ್ಜಿ ಹಾಕಿದರೆ ಪಾರ್ಟ್ ಎ ಆರು ತಿಂಗಳವರೆಗೂ ಪೂರ್ವಾನ್ವಯವಾಗುವುದು ಇದಕ್ಕೆ ಕಾರಣ.

ಪಾರ್ಟ್ ಡಿಗೆ ಪ್ರತ್ಯೇಕ ಗಡುವಿದೆ. ಮೊದಲ ನೋಂದಣಿ ಅವಧಿ ಮುಗಿದ ಮೇಲೆ, ಮೆಡಿಕೇರ್ ಒಪ್ಪುವ ಮಟ್ಟದ ಬೇರೆ ಔಷಧ ವಿಮೆಯೂ ಇಲ್ಲದೆ ಸತತ 63 ದಿನ ಕಳೆದರೆ ದಂಡ ಆರಂಭ. ‘ನಾನು ಒಂದು ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ, ನನಗೇಕೆ?’ ಎಂದು ಹೆಮ್ಮೆಯಿಂದ ಹೇಳುವ ಆರೋಗ್ಯವಂತರಿಗೆ ಲೆಕ್ಕ ಹಾಕಿ ತೋರಿಸಿ: ತಡವಾದ ಪ್ರತಿ ತಿಂಗಳಿಗೆ ರಾಷ್ಟ್ರೀಯ ಮೂಲ ಪ್ರೀಮಿಯಂನ ಶೇಕಡಾ 1. ಆ ಪ್ರೀಮಿಯಂ 38.99 ಡಾಲರ್. 20 ತಿಂಗಳು ತಡವಾದರೆ ತಿಂಗಳಿಗೆ 7.80 ಡಾಲರ್, ಪಾರ್ಟ್ ಡಿ ಇರುವಷ್ಟು ಕಾಲವೂ. ಮೂಲ ಪ್ರೀಮಿಯಂ ಏರಿದಂತೆ ದಂಡವೂ ಏರುತ್ತದೆ. ಅಂಥವರಿಗೆ ಅತಿ ಕಡಿಮೆ ಪ್ರೀಮಿಯಂನ ಯಾವುದಾದರೂ ಔಷಧ ಯೋಜನೆ ಸೇರಿಸಿಬಿಡುವುದು ಸಾಕು. ಕಂಪನಿಯ ವಿಮೆ ಇದ್ದವರು ಅದರ ಔಷಧ ರಕ್ಷಣೆ ಮೆಡಿಕೇರ್ ಮಟ್ಟದ್ದಾಗಿತ್ತು ಎಂಬ ಪತ್ರವನ್ನು ಎಸೆಯದೆ ಕಡತದಲ್ಲಿಡಲಿ.

ನಾಲ್ಕನೆಯ ಹೆಜ್ಜೆ: ಎರಡು ದಾರಿಗಳಲ್ಲಿ ಒಂದನ್ನು ಆರಿಸಲು ನೆರವಾಗಿ

ಮೊದಲನೆಯದು ಮೂಲ ಮೆಡಿಕೇರ್, ಅದರ ಜೊತೆಗೆ ಪ್ರತ್ಯೇಕ ಪಾರ್ಟ್ ಡಿ, ಸಾಧ್ಯವಾದರೆ ಮೆಡಿಗ್ಯಾಪ್ ಎಂಬ ಪೂರಕ ವಿಮೆ. ಮೆಡಿಕೇರ್ ಒಪ್ಪುವ ಯಾವ ವೈದ್ಯರ ಬಳಿಗೂ, ದೇಶದ ಯಾವ ರಾಜ್ಯದಲ್ಲೂ ಹೋಗಬಹುದು. ಆದರೆ ಪಾರ್ಟ್ ಬಿ ವೆಚ್ಚದಲ್ಲಿ 283 ಡಾಲರ್ ವಾರ್ಷಿಕ ಡಿಡಕ್ಟಿಬಲ್, ಅಂದರೆ ವಿಮೆ ಹಣ ಕೊಡುವ ಮುನ್ನ ರೋಗಿಯೇ ಭರಿಸುವ ಮೊತ್ತ, ಕಳೆದ ಮೇಲೂ ಶೇಕಡಾ 20 ರೋಗಿಯದೇ, ಅದಕ್ಕೆ ಗರಿಷ್ಠ ಮಿತಿ ಇಲ್ಲ. ಆಸ್ಪತ್ರೆಗೆ ದಾಖಲಾದರೆ ಮೊದಲ 1,736 ಡಾಲರ್ ಸಹ ರೋಗಿಯ ಪಾಲು. ಈ ಕಂದಕ ಮುಚ್ಚುವುದಕ್ಕೇ ಮೆಡಿಗ್ಯಾಪ್ ಇರುವುದು. ಎರಡನೆಯ ದಾರಿ ಮೆಡಿಕೇರ್ ಅಡ್ವಾಂಟೇಜ್: ಖಾಸಗಿ ಕಂಪನಿಯೊಂದು ಎ, ಬಿ ಮತ್ತು ಸಾಮಾನ್ಯವಾಗಿ ಡಿ ಮೂರನ್ನೂ ಒಟ್ಟುಗೂಡಿಸಿ ನೀಡುತ್ತದೆ. ಪ್ರೀಮಿಯಂ ಅನೇಕ ಕಡೆ ಶೂನ್ಯ, ಹಲ್ಲು ಕನ್ನಡಕಗಳಿಗೆ ಒಂದಿಷ್ಟು ಸೌಲಭ್ಯ, ವರ್ಷದ ಖರ್ಚಿಗೆ ಮಿತಿ ಎಲ್ಲವೂ ಇರುತ್ತವೆ. ಬದಲಿಗೆ ಸಾಮಾನ್ಯವಾಗಿ ಅವರ ಜಾಲದ ವೈದ್ಯರೇ ಆಗಬೇಕು, ಹಲವು ಚಿಕಿತ್ಸೆಗಳಿಗೆ ಮುಂಗಡ ಅನುಮತಿ ಬೇಕು.

ಎರಡೂ ಕೆಟ್ಟವಲ್ಲ. ಆದರೆ ಈ ಎರಡರ ನಡುವಿನ ಬಾಗಿಲು ಎರಡೂ ಕಡೆಗೆ ಸಮನಾಗಿ ತೆರೆಯುವುದಿಲ್ಲ ಎಂಬುದನ್ನು ಟಿವಿ ಜಾಹೀರಾತು ಹೇಳುವುದಿಲ್ಲ, ನೀವು ಹೇಳಬೇಕು. 65 ದಾಟಿ ಪಾರ್ಟ್ ಬಿ ಆರಂಭವಾದ ತಿಂಗಳಿಂದ ಆರು ತಿಂಗಳು ಮಾತ್ರ ಮೆಡಿಗ್ಯಾಪ್ ಕಂಪನಿಗಳು ಕಾಯಿಲೆಯ ಇತಿಹಾಸ ಕೇಳದೆ ವಿಮೆ ಕೊಡಲೇಬೇಕು. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಅವು ಸಕ್ಕರೆ ಕಾಯಿಲೆ, ಹೃದಯದ ಸ್ಟೆಂಟ್ ನೋಡಿ ನಿರಾಕರಿಸಬಹುದು. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವು ರಾಜ್ಯಗಳು ಮಾತ್ರ ಇದಕ್ಕೆ ಅಪವಾದ. 65ಕ್ಕೆ ಮೊದಲ ಸಲ ಅಡ್ವಾಂಟೇಜ್ ಸೇರಿದವರಿಗೆ ಹನ್ನೆರಡು ತಿಂಗಳೊಳಗೆ ಮೊದಲ ದಾರಿಗೆ ಹಿಂದಿರುಗುವ ಹಕ್ಕಿದೆ. ನನ್ನ ಸ್ವಂತ ಒಲವು ಹೇಳುವುದಾದರೆ, ಪ್ರೀಮಿಯಂ ಕಟ್ಟುವ ಶಕ್ತಿಯಿದ್ದು ಮಕ್ಕಳು ಎರಡು ಮೂರು ರಾಜ್ಯಗಳಲ್ಲಿ ಹಂಚಿಹೋಗಿರುವ ದಂಪತಿಗಳಿಗೆ ಮೊದಲ ದಾರಿಯೇ ನೆಮ್ಮದಿ. ಆದರೂ ಸಲಹೆಗಾರನ ಒಲವು ಹಿರಿಯರ ನಿರ್ಧಾರವಾಗಬಾರದು. ಇನ್ನೊಂದು ಎಚ್ಚರ: ಅಡ್ವಾಂಟೇಜಿನ ಎಚ್‌ಎಂಒ ಅಥವಾ ಪಿಪಿಒ ಎಂಬ, ವೈದ್ಯರ ಜಾಲ ಆಧರಿಸಿದ ಯೋಜನೆಯಲ್ಲಿರುವವರು ಆತುರದಲ್ಲಿ ಪ್ರತ್ಯೇಕ ಪಾರ್ಟ್ ಡಿಗೆ ಸಹಿ ಹಾಕಿದರೆ ಅಡ್ವಾಂಟೇಜ್ ತಾನಾಗಿಯೇ ರದ್ದಾಗುತ್ತದೆ.

ಐದನೆಯ ಹೆಜ್ಜೆ: ಚೀಲವನ್ನು ಮೇಜಿನ ಮೇಲೆ ಸುರಿಯಿರಿ

ಇಡೀ ಕೆಲಸದ ತಿರುಳು ಇದೇ. ಹಿರಿಯರು ತಂದ ಬಟ್ಟೆ ಚೀಲದಲ್ಲಿ ಅಮೆರಿಕದ ಕಿತ್ತಳೆ ಬಣ್ಣದ ಡಬ್ಬಿಗಳ ಜೊತೆಗೆ ಮೈಸೂರಿನಿಂದ ತಂದ ಮಾತ್ರೆ ಶೀಟುಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿರುತ್ತವೆ. ಶೀಟಿನ ಮೇಲಿನ ಬ್ರ್ಯಾಂಡ್ ಹೆಸರನ್ನು ಅಮೆರಿಕದ ಔಷಧ ಯೋಜನೆಯ ಪಟ್ಟಿಯಲ್ಲಿ, ಅಂದರೆ ಆ ಯೋಜನೆ ಹಣ ಕೊಡುವ ಔಷಧಗಳ ಪಟ್ಟಿಯಲ್ಲಿ, ಹುಡುಕಿದರೆ ಸಿಗುವುದಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆದುಕೊಳ್ಳಿ. ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್, ಥೈರೋನಾರ್ಮ್ ಎಂದರೆ ಲೆವೊಥೈರಾಕ್ಸಿನ್, ಟೆಲ್ಮಾ ಎಂದರೆ ಟೆಲ್ಮಿಸಾರ್ಟನ್. ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಅಸೆಟಮಿನೊಫೆನ್, ಸಾಲ್ಬ್ಯುಟಮಾಲ್ ಇಲ್ಲಿ ಆಲ್ಬ್ಯುಟೆರಾಲ್.

ಇದಕ್ಕಿಂತ ಮುಖ್ಯವಾದದ್ದು, ಭಾರತದಲ್ಲಿ ದಿನನಿತ್ಯ ಬರೆಯುವ ಕೆಲವು ಔಷಧಗಳಿಗೆ ಅಮೆರಿಕದಲ್ಲಿ ಅನುಮೋದನೆಯೇ ಇಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ವಿಲ್ಡಾಗ್ಲಿಪ್ಟಿನ್ ಮತ್ತು ಟೆನೆಲಿಗ್ಲಿಪ್ಟಿನ್ ಇದಕ್ಕೆ ಉದಾಹರಣೆ. ಇವು ಯಾವ ಪಾರ್ಟ್ ಡಿ ಪಟ್ಟಿಯಲ್ಲೂ ಇರುವುದಿಲ್ಲ. ಹೀಗಿರುವಾಗ ಮೊದಲು ಇಲ್ಲಿನ ವೈದ್ಯರನ್ನು ಕಂಡು, ಅವರು ಬದಲಿಗೆ ಏನು ಬರೆಯುತ್ತಾರೆ ಎಂದು ತಿಳಿದು, ಆ ಹೊಸ ಹೆಸರಿನ ಮೇಲೆ ಯೋಜನೆ ಹುಡುಕಬೇಕು. ಸಲಹೆಗಾರರು ತಾವೇ ‘ಇದರ ಬದಲು ಅದು ಆಗುತ್ತದೆ’ ಎಂದು ಹೇಳಕೂಡದು. ನಮ್ಮದು ವಿಮೆಯ ಲೆಕ್ಕ, ವೈದ್ಯಕೀಯವಲ್ಲ. ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳಿದ್ದರೂ ಇದೇ ಕ್ರಮ.

ಚೀಟಿಯಿಲ್ಲದೆ ಕೊಳ್ಳುವ ಆಸ್ಪಿರಿನ್, ವಿಟಮಿನ್, ಕ್ಯಾಲ್ಸಿಯಂ ಹಾಗೂ ಆಯುರ್ವೇದದ ಲೇಹ್ಯ, ಚೂರ್ಣಗಳಿಗೆ ಪಾರ್ಟ್ ಡಿ ಹಣ ಕೊಡುವುದಿಲ್ಲ. ಆದರೂ ಅವುಗಳನ್ನು ಪಟ್ಟಿಯ ಕೊನೆಯಲ್ಲಿ ಬರೆದಿಡಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ಪ್ರತಿ ಔಷಧಕ್ಕೆ ನಾಲ್ಕು ಅಂಶಗಳು: ಹೆಸರು, ಪ್ರಮಾಣ, ಮಾತ್ರೆಯೋ ಕ್ಯಾಪ್ಸೂಲೋ ಎಂಬುದು, ತಿಂಗಳಿಗೆ ಎಷ್ಟು. ಮಾತ್ರೆ ಮತ್ತು ಕ್ಯಾಪ್ಸೂಲ್ ನಡುವಿನ ವ್ಯತ್ಯಾಸ ಕ್ಷುಲ್ಲಕ ಎನಿಸಬಹುದು, ಆದರೆ ಒಂದೇ ಔಷಧದ ಎರಡು ರೂಪಗಳು ಯೋಜನೆಯ ಬೇರೆ ಬೇರೆ ಬೆಲೆ ಶ್ರೇಣಿಗಳಲ್ಲಿ ಇರಬಹುದು.

ಆರನೆಯ ಹೆಜ್ಜೆ: ಪ್ರೀಮಿಯಂ ಅಲ್ಲ, ವರ್ಷದ ಒಟ್ಟು ಖರ್ಚು ನೋಡಿ

ಮೆಡಿಕೇರ್‌ನ ಅಧಿಕೃತ ಜಾಲತಾಣದಲ್ಲಿ ಪ್ಲಾನ್ ಫೈಂಡರ್ ಎಂಬ ಸಾಧನವಿದೆ. ಜಿಪ್ ಕೋಡ್, ಔಷಧಗಳ ಪಟ್ಟಿ ಮತ್ತು ಐದರವರೆಗೆ ಔಷಧ ಅಂಗಡಿಗಳನ್ನು ಕೊಟ್ಟರೆ ಪ್ರತಿ ಯೋಜನೆಯ ಪ್ರೀಮಿಯಂ ಹಾಗೂ ಔಷಧ ವೆಚ್ಚ ಕೂಡಿಸಿ ವರ್ಷದ ಮೊತ್ತ ತೋರಿಸುತ್ತದೆ. ಅಂತರ್ಜಾಲ ಬೇಡವೆಂದರೆ 1-800-633-4227ಕ್ಕೆ ಕರೆ ಮಾಡಬಹುದು, ದುಭಾಷಿಯ ನೆರವನ್ನು ಉಚಿತವಾಗಿ ಕೇಳಬಹುದು.

ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಉದಾಹರಣೆ. ಮೊದಲ ಯೋಜನೆಯ ಪ್ರೀಮಿಯಂ ತಿಂಗಳಿಗೆ 10 ಡಾಲರ್, ಆದರೆ ಅದೇ ಔಷಧಗಳಿಗೆ ಅಂಗಡಿಯಲ್ಲಿ ವರ್ಷಕ್ಕೆ 1,340 ಕೊಡಬೇಕು: ಒಟ್ಟು 1,460. ಎರಡನೆಯದರ ಪ್ರೀಮಿಯಂ 48, ಅಂಗಡಿಯಲ್ಲಿ 420: ಒಟ್ಟು 996. ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು 10 ಮತ್ತು 48 ಮಾತ್ರ. ಅಂಗಡಿಯನ್ನು ಬದಲಿಸಿದರೂ ಮೊತ್ತ ಬದಲಾಗುತ್ತದೆ, ಏಕೆಂದರೆ ಯೋಜನೆಗಳಿಗೆ ತಮ್ಮವೇ ಆದ ಆದ್ಯತೆಯ ಅಂಗಡಿಗಳಿವೆ. ವರ್ಷದ ನಡುವೆ ಹುಡುಕಿದಾಗ ಆ ಸಾಧನ ಉಳಿದ ತಿಂಗಳುಗಳ ಖರ್ಚನ್ನಷ್ಟೇ ತೋರಿಸುತ್ತದೆ ಎಂಬುದು ನೆನಪಿರಲಿ.

2022ರ ಹಣದುಬ್ಬರ ಇಳಿಕೆ ಕಾಯ್ದೆಯಿಂದ ಈ ಲೆಕ್ಕ ಬಹಳ ಹಗುರವಾಗಿದೆ. ಯೋಜನೆಯ ಡಿಡಕ್ಟಿಬಲ್ 615 ಡಾಲರ್ ಮೀರುವಂತಿಲ್ಲ, ಯೋಜನೆಯ ಪಟ್ಟಿಯಲ್ಲಿರುವ ಔಷಧಗಳಿಗೆ ವರ್ಷದಲ್ಲಿ 2,100 ಡಾಲರ್ ಖರ್ಚಾದ ಮೇಲೆ ಮತ್ತೆ ಕೊಡಬೇಕಾಗಿಲ್ಲ, ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರುವುದಿಲ್ಲ, ಸರ್ಪಸುತ್ತಿನ ಲಸಿಕೆಯಂಥ ವಯಸ್ಕರ ಲಸಿಕೆಗಳು ಉಚಿತ. 2026ರ ಜನವರಿಯಿಂದ ಎಲಿಕ್ವಿಸ್, ಜಾನುವಿಯಾ, ಜಾರ್ಡಿಯನ್ಸ್ ಸೇರಿದಂತೆ ಹತ್ತು ಔಷಧಗಳಿಗೆ ಸರ್ಕಾರ ಚೌಕಾಸಿ ಮಾಡಿದ ಬೆಲೆ ಜಾರಿಯಲ್ಲಿದೆ. ದುಬಾರಿ ಔಷಧ ತೆಗೆದುಕೊಳ್ಳುವವರು ಜನವರಿಯಲ್ಲೇ ದೊಡ್ಡ ಮೊತ್ತ ತೆರುವ ಬದಲು ವರ್ಷಪೂರ್ತಿ ಕಂತುಗಳಲ್ಲಿ ಕಟ್ಟುವ ಸೌಲಭ್ಯವನ್ನೂ ಯೋಜನೆಯಿಂದ ಕೇಳಿ ಪಡೆಯಬಹುದು. ಆದರೆ ಪಟ್ಟಿಯಲ್ಲಿಲ್ಲದ ಔಷಧದ ಖರ್ಚಾಗಲಿ ಪ್ರೀಮಿಯಂ ಆಗಲಿ ಆ 2,100ರ ಲೆಕ್ಕಕ್ಕೆ ಸೇರುವುದಿಲ್ಲ; ಪಟ್ಟಿ ನೋಡದೆ ಯೋಜನೆ ಸೇರಿದವರಿಗೆ ಈ ಮಿತಿಯಿಂದ ಪ್ರಯೋಜನವಿಲ್ಲ.

ಔಷಧದ ಹೆಸರಿನ ಪಕ್ಕದಲ್ಲಿ ಮುಂಗಡ ಅನುಮತಿ, ಮೊದಲು ಅಗ್ಗದ ಔಷಧ ಪ್ರಯತ್ನಿಸಬೇಕೆಂಬ ಷರತ್ತು, ಸಂಖ್ಯೆಯ ಮಿತಿ ಈ ಮೂರರಲ್ಲಿ ಯಾವುದಿದೆ ಎಂದು ನೋಡಿ. ಹೊಸ ಯೋಜನೆ ಸೇರಿದ ಮೊದಲ 90 ದಿನಗಳಲ್ಲಿ, ಹಿಂದಿನಿಂದ ತೆಗೆದುಕೊಳ್ಳುತ್ತಿದ್ದ ಔಷಧ ಪಟ್ಟಿಯಲ್ಲಿಲ್ಲದಿದ್ದರೂ ಒಂದು ತಿಂಗಳ ಮಾತ್ರೆಯನ್ನು ತಾತ್ಕಾಲಿಕವಾಗಿ ಪಡೆಯಬಹುದು. ಆ ತಿಂಗಳಲ್ಲಿ ವೈದ್ಯರಿಂದ ಪತ್ರ ಬರೆಸಿ ವಿನಾಯಿತಿ ಕೇಳಬೇಕು. ವೈದ್ಯರ ಸಮರ್ಥನೆ ತಲುಪಿದ 72 ಗಂಟೆಗಳಲ್ಲಿ, ತುರ್ತಾಗಿದ್ದರೆ 24 ಗಂಟೆಗಳಲ್ಲಿ ಯೋಜನೆ ಉತ್ತರ ಕೊಡಬೇಕು.

ಏಳನೆಯ ಹೆಜ್ಜೆ: ಆದಾಯದ ಎರಡೂ ತುದಿಗಳನ್ನು ಪರಿಶೀಲಿಸಿ

ಆದಾಯ ಅಮೆರಿಕ ಸರ್ಕಾರದ ಬಡತನ ರೇಖೆಯ ಶೇಕಡಾ 150ರೊಳಗಿದ್ದು ಆಸ್ತಿಯೂ ಮಿತಿಯೊಳಗಿದ್ದರೆ ‘ಎಕ್ಸ್‌ಟ್ರಾ ಹೆಲ್ಪ್’ ಸೌಲಭ್ಯದಡಿ ಔಷಧಗಳು ಕೆಲವೇ ಡಾಲರ್‌ಗಳಿಗೆ ಸಿಗುತ್ತವೆ, ತಡವಾದ ದಂಡವೂ ಇರುವುದಿಲ್ಲ. ಅರ್ಜಿ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ. ವಾಸದ ಮನೆ, ಕಾರು ಆಸ್ತಿಯ ಲೆಕ್ಕಕ್ಕಿಲ್ಲ. ಊರಿನಲ್ಲಿರುವ ಸೈಟು, ಜಮೀನು, ಬ್ಯಾಂಕಿನ ಠೇವಣಿ ಲೆಕ್ಕಕ್ಕೆ ಬರುತ್ತವೆ, ಅವನ್ನು ಮುಚ್ಚಿಡಬಾರದು. ಪಾರ್ಟ್ ಬಿ ಪ್ರೀಮಿಯಂ ಕಟ್ಟಲು ಸಹ ರಾಜ್ಯ ಸರ್ಕಾರಗಳ ನೆರವು ಯೋಜನೆಗಳಿವೆ. ‘ಮಗ ಇರುವಾಗ ಸರ್ಕಾರದ ಮುಂದೆ ಕೈಚಾಚುವುದೇ?’ ಎಂದು ಸಂಕೋಚಪಡುವವರಿಗೆ ಇದು ಕಾನೂನು ಕೊಟ್ಟ ಹಕ್ಕು ಎಂದು ನಿಧಾನವಾಗಿ ತಿಳಿಹೇಳಬೇಕಾಗುತ್ತದೆ.

ಇನ್ನೊಂದು ತುದಿಯಲ್ಲಿ, ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕದಲ್ಲಿ ಆದಾಯ ಒಬ್ಬರಿಗೆ 1,09,000, ಒಟ್ಟಿಗೆ ತೆರಿಗೆ ಸಲ್ಲಿಸುವ ದಂಪತಿಗೆ 2,18,000 ಡಾಲರ್ ಮೀರಿದ್ದರೆ ಪಾರ್ಟ್ ಬಿ ಮತ್ತು ಡಿ ಎರಡಕ್ಕೂ ಹೆಚ್ಚುವರಿ ಶುಲ್ಕ ಬೀಳುತ್ತದೆ. ಹೊಸದಾಗಿ ನಿವೃತ್ತರಾಗಿ ಆದಾಯ ಕುಸಿದವರು ಎಸ್‌ಎಸ್‌ಎ-44 ನಮೂನೆ ತುಂಬಿ ಇದನ್ನು ಇಳಿಸಿಕೊಳ್ಳಬಹುದು. ಊರಿನ ಮನೆ ಮಾರುವ ಯೋಚನೆ ಇದ್ದವರು ಆ ಲಾಭವೂ ತೆರಿಗೆ ಲೆಕ್ಕದ ಮೂಲಕ ಎರಡು ವರ್ಷಗಳ ನಂತರ ಇಲ್ಲಿ ಕಾಣಿಸಿಕೊಳ್ಳುತ್ತದೆಂದು ತಿಳಿದಿರಲಿ, ಆದರೆ ಆಸ್ತಿ ಮಾರಾಟಕ್ಕೆ ಈ ನಮೂನೆ ನೆರವಾಗುವುದಿಲ್ಲ.

ಎಂಟನೆಯ ಹೆಜ್ಜೆ: ಯಾರ ಮಾತು ಕೇಳಬೇಕೆಂದು ಹೇಳಿಕೊಡಿ

ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಸರ್ಕಾರಿ ನೆರವಿನ ಉಚಿತ ಸಲಹಾ ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್. ಅಲ್ಲಿನ ಸಲಹೆಗಾರರಿಗೆ ಕಮಿಷನ್ ಇಲ್ಲ. ವಿಮಾ ಏಜೆಂಟರಿಗೆ ಇದೆ. ಅವರಲ್ಲಿಯೂ ಪ್ರಾಮಾಣಿಕರಿದ್ದಾರೆ, ಆದರೆ ಎಲ್ಲ ಕಂಪನಿಗಳ ಯೋಜನೆಗಳನ್ನೂ ಅವರು ಮಾರುವುದಿಲ್ಲ. ಕರೆಯದೆ ತಾವಾಗಿ ಫೋನ್ ಮಾಡಿ ಪ್ಲಾನ್ ಮಾರುವುದು ನಿಯಮಕ್ಕೆ ವಿರುದ್ಧ. ಅಂಥ ಕರೆ ಬಂದಾಗ ಮೆಡಿಕೇರ್ ಸಂಖ್ಯೆ ಕೊಡದೆ ಫೋನ್ ಇಡಲು ಹಿರಿಯರಿಗೆ ಅಭ್ಯಾಸ ಮಾಡಿಸಿ. ಮನೆಗೆ ಬಂದವರನ್ನಾಗಲಿ ಫೋನಿನಲ್ಲಿ ಮಾತಾಡುವವರನ್ನಾಗಲಿ ಒರಟಾಗಿ ನಿಲ್ಲಿಸಲು ನಮ್ಮ ಹಿರಿಯರಿಗೆ ಮನಸ್ಸು ಬರುವುದಿಲ್ಲ, ವಂಚಕರಿಗೆ ಅದೇ ಬಂಡವಾಳ.

ಒಂಬತ್ತನೆಯ ಹೆಜ್ಜೆ: ಊರಿಗೆ ಹೊರಡುವ ಮುನ್ನ, ಬಂದ ಮೇಲೆ

ಮೂಲ ಮೆಡಿಕೇರ್ ಭಾರತದಲ್ಲಿ ಆಸ್ಪತ್ರೆ ವೆಚ್ಚ ಕೊಡುವುದಿಲ್ಲ, ಅಲ್ಲಿ ಕೊಂಡ ಮಾತ್ರೆಗಳಿಗೆ ಪಾರ್ಟ್ ಡಿ ಹಣ ಕೊಡುವುದಿಲ್ಲ. ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಕೆಲವು ಯೋಜನೆಗಳು ಪ್ರವಾಸದ ಮೊದಲ 60 ದಿನಗಳಲ್ಲಿ ಆರಂಭವಾಗುವ ತುರ್ತು ಚಿಕಿತ್ಸೆಗೆ 250 ಡಾಲರ್ ಡಿಡಕ್ಟಿಬಲ್ ಕಳೆದು ಶೇಕಡಾ 80ರಷ್ಟು ಕೊಡುತ್ತವೆ, ಜೀವಮಾನದ ಮಿತಿ 50,000 ಡಾಲರ್. ಚಳಿಗಾಲದ ಮೂರು ತಿಂಗಳು ಊರಿನಲ್ಲಿ ಕಳೆಯುವವರು ಆ 60 ದಿನಗಳ ಆಚೆಗೆ ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಿಕೊಳ್ಳಬೇಕು. ಅಡ್ವಾಂಟೇಜ್‌ನವರು ಸತತ ಆರು ತಿಂಗಳಿಗಿಂತ ಹೆಚ್ಚು ಕಾಲ ತಮ್ಮ ಸೇವಾ ಪ್ರದೇಶದ ಹೊರಗಿದ್ದರೆ ಸಾಮಾನ್ಯವಾಗಿ ಯೋಜನೆಯಿಂದ ಹೊರಬೀಳುತ್ತಾರೆ. ಹೊರಡುವ ಎರಡು ಮೂರು ವಾರ ಮೊದಲೇ 90 ದಿನಗಳ ಮಾತ್ರೆ ಬರೆಸಿ, ಅವಧಿಗೆ ಮುನ್ನ ಕೊಡಲು ಯೋಜನೆಯ ಅನುಮತಿ ಕೇಳಬೇಕು.

ಸೆಪ್ಟೆಂಬರ್ ಕೊನೆಯೊಳಗೆ ಯೋಜನೆಯಿಂದ ಮುಂದಿನ ವರ್ಷದ ಬದಲಾವಣೆಗಳ ಪತ್ರ ಬರುತ್ತದೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಆರಿಸಿದ ಔಷಧ ಯೋಜನೆ ಜನವರಿ 1ರಿಂದ ಜಾರಿ. ಊರಿನಿಂದ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ, ಅಲ್ಲಿನ ಡಾಕ್ಟರು ಯಾವುದಾದರೂ ಮಾತ್ರೆ ಬದಲಿಸಿದರೇ ಎಂಬುದು. ಕಳೆದ ಸಲ ಒಬ್ಬ ಅಜ್ಜಿ ‘ಏನೂ ಇಲ್ಲಪ್ಪ, ಎಲ್ಲ ಅದೇ’ ಎಂದರು. ಚೀಲ ಸುರಿದಾಗ ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿ ಮೂರು ಹೊಸ ಶೀಟುಗಳಿದ್ದವು, ಪಟ್ಟಿಯನ್ನು ಮೊದಲಿನಿಂದ ಬರೆದೆವು.